ಚಾರಣಕ್ಕೆ ಒಂದು ಬಟ್ಟಲು, ಒಂದು ಲೋಟ

ಶುಕ್ರವಾರ ರಾತ್ರಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಟಿಟಿ ಹತ್ತಿ ಮಲೆನಾಡಿಗೆ ಹೊರಡುವವರು ಟೆಂಟು, ಬೂಟು, ಸ್ಲೀಪಿಂಗ್ ಬ್ಯಾಗುಗಳ ತೂಕವನ್ನು ಗ್ರಾಂ ಲೆಕ್ಕದಲ್ಲಿ ತೂಗಿನೋಡಿ ಕೊಳ್ಳುತ್ತಾರೆ. ಊಟದ ಪಾತ್ರೆಯ ಮಾತು ಬಂದಾಗ ಮಾತ್ರ ಈ ಎಚ್ಚರ ತಪ್ಪುತ್ತದೆ. ಕೆಲವರು ಮನೆಯ ತಟ್ಟೆ, ಬಟ್ಟಲು, ಲೋಟವನ್ನೇ ಚೀಲಕ್ಕೆ ತುರುಕುತ್ತಾರೆ. ಕೆಲವರು ಟೈಟಾನಿಯಂ ಎಂಬ ಹೆಸರಿಗೇ ಸಾವಿರಾರು ರೂಪಾಯಿ ಸುರಿಯುತ್ತಾರೆ. ಪಾತ್ರೆಯ ಹಗುರತನವನ್ನು ಮೊದಲು ತೀರ್ಮಾನಿಸುವುದು ಎಷ್ಟು ಪಾತ್ರೆ ಒಯ್ಯುತ್ತೇವೆ ಎಂಬುದು, ಆಮೇಲೆ ತಗಡಿನ ದಪ್ಪ. ಲೋಹದ ಸರದಿ ಕೊನೆಯದು ಎಂಬುದು ನನ್ನ ವಾದ.

ಲೆಕ್ಕ ಸರಳವಾಗಿದೆ. ಒಂದು ಘನ ಸೆಂಟಿಮೀಟರ್ ಸ್ಟೀಲು ಸುಮಾರು 7.9 ಗ್ರಾಂ ತೂಗುತ್ತದೆ, ಟೈಟಾನಿಯಂ 4.5, ಅಲ್ಯೂಮಿನಿಯಂ 2.7, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ 0.9. ಬಾಯಿ 14 ಸೆಂ.ಮೀ., ತಳ 10, ಆಳ 6 ಸೆಂ.ಮೀ. ಇರುವ ಬಟ್ಟಲನ್ನು ತೆಗೆದುಕೊಳ್ಳಿ. ಅರ್ಧ ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಮುಕ್ಕಾಲು ಮಿ.ಮೀ. ದಪ್ಪದ ಸ್ಟೀಲಿನಲ್ಲಿ ಅದು ಸುಮಾರು 190 ಗ್ರಾಂ ಆದರೆ ಅರ್ಧ ಮಿ.ಮೀ. ತಗಡಿನಲ್ಲಿ 125 ಗ್ರಾಂ. ಟೈಟಾನಿಯಂನಲ್ಲಿ, ತಗಡು 0.4 ಮಿ.ಮೀ. ಎಂದುಕೊಂಡರೆ, 57 ಗ್ರಾಂ. ಅಂದರೆ ತೆಳು ಸ್ಟೀಲಿನಿಂದ ಟೈಟಾನಿಯಂಗೆ ಹೋದರೆ ಉಳಿಯುವುದು 70 ಗ್ರಾಂ ಆಸುಪಾಸು. ಆದರೆ 22 ಸೆಂ.ಮೀ. ಅಗಲದ ದಪ್ಪ ಸ್ಟೀಲು ತಟ್ಟೆಯನ್ನು ಮನೆಯಲ್ಲೇ ಬಿಟ್ಟು ಹೊರಟರೆ ಒಂದೇ ಏಟಿಗೆ 225 ಗ್ರಾಂ ಇಳಿಯುತ್ತದೆ, ಅದೂ ಪುಕ್ಕಟೆಯಾಗಿ.

ತಟ್ಟೆ ಬಿಟ್ಟರೆ ಊಟ ಹೇಗೆ ಎಂದು ಕೇಳಬಹುದು. ಚಾರಣದಲ್ಲಿ ನಾವು ಉಣ್ಣುವುದಾದರೂ ಏನು? ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಬಿಸಿಬೇಳೆ ಬಾತ್, ಅನ್ನ ಸಾರು. ಇದರಲ್ಲಿ ಒಂದಕ್ಕೂ ಅಗಲದ ತಟ್ಟೆ ಬೇಕಿಲ್ಲ. ಇಳಿಜಾರಿನಲ್ಲಿ ಮೊಣಕಾಲ ಮೇಲಿಟ್ಟ ತಟ್ಟೆಯಿಂದ ಸಾರು ಹರಿದುಹೋಗುತ್ತದೆ, ಗಾಳಿಗೆ ಅನ್ನ ಬೇಗ ಆರುತ್ತದೆ. ಆಳದ ಬಟ್ಟಲಿನಲ್ಲಿ ಎರಡೂ ನಿಲ್ಲುತ್ತವೆ. ಚಹಾಕ್ಕೆ ನಮ್ಮ ದರ್ಶಿನಿಗಳ ಸ್ಟೀಲು ಲೋಟವೇ ಒಳ್ಳೆಯ ಮಾದರಿ. ಅದರ ಬಾಯಿಯನ್ನು ನೋಡಿ: ತಗಡನ್ನು ಹೊರಕ್ಕೆ ಚಾಚಿ ಸುತ್ತಿರುತ್ತಾರೆ. ಆ ಸುತ್ತಿನಿಂದಲೇ ತೆಳು ತಗಡು ಸೊಟ್ಟಗಾಗದೆ ಬಿಗಿಯಾಗಿ ನಿಲ್ಲುತ್ತದೆ, ತುಟಿಗೆ ಹರಿತ ತಾಗುವುದಿಲ್ಲ, ಕುದಿಯುವ ಕಾಫಿಯನ್ನೂ ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಬಹುದು. ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ವೇಗವಾಗಿ ಶಾಖ ಸಾಗಿಸುವುದರಿಂದ ಅದರ ಅಂಚು ತುಟಿ ಸುಡುತ್ತದೆ. ಬರಿಯ ಅಲ್ಯೂಮಿನಿಯಂಗೆ ಹುಣಸೆಹುಳಿ, ಟೊಮೆಟೊ ಸಾರು ಸೇರಿಬರುವುದೂ ಇಲ್ಲ.

ಪ್ಲಾಸ್ಟಿಕ್ ಇನ್ನೂ ಹಗುರ, ಒಪ್ಪುತ್ತೇನೆ. ಆದರೆ ಎಣ್ಣೆ, ಅರಿಸಿನದ ಅಡುಗೆ ಪ್ಲಾಸ್ಟಿಕ್ಕಿನಲ್ಲಿ ಕಲೆಯಾಗಿ, ಜಿಡ್ಡಾಗಿ ಕೂರುತ್ತದೆ. ಸೋಪು ಮತ್ತು ಹೆಚ್ಚು ನೀರಿಲ್ಲದೆ ಬಿಡುವುದಿಲ್ಲ. ಬೆಟ್ಟದ ಮೇಲೆ ನೀರನ್ನೂ ಹೊತ್ತೇ ಒಯ್ಯಬೇಕು, ಒಂದು ಲೀಟರೆಂದರೆ ಒಂದು ಕಿಲೋ. ಸ್ಟೀಲಾದರೆ ಒರೆಸಿ, ಒಂದು ಗುಟುಕು ಬಿಸಿನೀರು ಸುತ್ತಿದರೆ ಸಾಕು. ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟವನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು, ಕೇಂದ್ರ 2022ರ ಜುಲೈ 1ರಿಂದ. ಹಾಗಾದರೆ ಅಡಕೆ ಹಾಳೆ ತಟ್ಟೆ? ಬಯಲಲ್ಲಿ ನಡೆಯುವ ಒಂದು ಹೊತ್ತಿನ ಊಟಕ್ಕೆ ಅದಕ್ಕಿಂತ ಚೆಂದದ್ದಿಲ್ಲ. ಎರಡು ದಿನದ ಚಾರಣಕ್ಕೆ ಮಾತ್ರ ತಲೆಗೆ ನಾಲ್ಕೈದು ಬೇಕು, ಎಂಜಲಾದ ಮೇಲೆ ಅವನ್ನೇ ಹೊತ್ತು ಇಳಿಯಬೇಕು. ಮಣ್ಣಾಗುವ ವಸ್ತುವಲ್ಲವೇ ಎಂದು ಕಾಡಿನಲ್ಲಿ ಬಿಟ್ಟುಬಂದರೆ ಉಪ್ಪು, ಎಣ್ಣೆಯ ವಾಸನೆಗೆ ಕೋತಿ, ಹಂದಿಗಳು ಬರುತ್ತವೆ. ಮುಂದಿನ ತಂಡದ ಚೀಲಕ್ಕೆ ಕೈಹಾಕುವುದನ್ನು ಕೋತಿಗಳಿಗೆ ನಾವೇ ಕಲಿಸಿದಂತಾಗುತ್ತದೆ. ಇನ್ನು ವಾರಗಟ್ಟಲೆ ಹಿಮಾಲಯದಲ್ಲಿ ನಡೆಯುವವರಿಗೆ ಟೈಟಾನಿಯಂನ 70 ಗ್ರಾಂ ಉಳಿತಾಯ ದೊಡ್ಡದಿರಬಹುದು. ಕುಮಾರಪರ್ವತಕ್ಕೋ ತಡಿಯಂಡಮೋಳ್‌ಗೋ ಹೋಗುವವರಿಗೆ ಅದು ನಾಲ್ಕು ಗುಟುಕು ನೀರಿನ ತೂಕ.

ಇಂಥ ಬಟ್ಟಲು ಹುಡುಕಲು ದೂರ ಹೋಗಬೇಕಿಲ್ಲ. ಮಲೆನಾಡಿನ ವಾಹನಗಳು ಹಾಯುವ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಆಚೀಚೆ ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಶಾಪುಗಳಿವೆ. ಅಲ್ಲಿ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದಷ್ಟೂ ತಗಡು ತೆಳು: 22 ಗೇಜ್ ಎಂದರೆ ಸುಮಾರು ಮುಕ್ಕಾಲು ಮಿ.ಮೀ., 26 ಎಂದರೆ ಸುಮಾರು ಅರ್ಧ. ನಮ್ಮ ಪಾತ್ರೆ ಅಂಗಡಿಗಳು ಸ್ಟೀಲನ್ನು ತೂಗಿ ಮಾರುವುದುಂಟು. ಹಾಗಾಗಿ 'ಗಟ್ಟಿ ಪಾತ್ರೆ ಕೊಡಿ' ಎಂದು ಕೇಳುವುದು ನಮ್ಮ ಮನೆಗಳ ರೂಢಿ. ಮಗಳ ಮದುವೆಗೆ ಕೊಳ್ಳುವಾಗ ಆ ಮಾತು ಸರಿ. ಚಾರಣಕ್ಕೆ ಕೊಳ್ಳುವಾಗ ಅದನ್ನು ತಿರುಗಿಸಿ ಕೇಳಿ: ಅಂಚು ಸುತ್ತಿದ, ಆಳದ, ಇದ್ದುದರಲ್ಲಿ ತೆಳ್ಳಗಿನ ಬಟ್ಟಲೊಂದು, ಅದರೊಳಗೆ ಕೂರುವ ಲೋಟವೊಂದು. ಎರಡನ್ನೂ ಅಂಗಡಿಯವರ ತಕ್ಕಡಿಯಲ್ಲಿಡಿಸಿ ನೋಡಿ. 200 ಗ್ರಾಂ ದಾಟದಿದ್ದರೆ ಧೈರ್ಯವಾಗಿ ಕೊಳ್ಳಿ. ತೂಕ ಕಡಿಮೆಯಾದಷ್ಟೂ ಬಿಲ್ಲೂ ಕಡಿಮೆ.