ರಾಂಬೋ ಹೋದ ದಾರಿ, ಮಾರಿಯಾ ಬಂದ ದಾರಿ

ಪ್ರವಾಸ ಕಥನ ಬರೆಯುವವರಲ್ಲಿ ಎರಡು ಬಗೆ. ಊರಿಗೆ ಕಾಲಿಟ್ಟೊಡನೆ ದೇವಸ್ಥಾನ ಎಲ್ಲಿದೆ, ಕೋಟೆ ಎಲ್ಲಿದೆ, ಕಟ್ಟಿಸಿದ ರಾಜ ಯಾರು ಎಂದು ವಿಚಾರಿಸುವವರು ಒಂದು ಬಗೆ. ಈ ಊರಿನ ಜನ ಸಂಜೆ ಹೊತ್ತು ಏನು ಮಾಡುತ್ತಾರೆ, ಯಾವ ಹಾಡು ಗುನುಗುತ್ತಾರೆ, ಯಾವ ಸಿನಿಮಾಕ್ಕೆ ಸಾಲು ನಿಲ್ಲುತ್ತಾರೆ ಎಂದು ಕೇಳುವವರು ಇನ್ನೊಂದು ಬಗೆ. ಮೊದಲನೆಯವರಿಗೆ ನಮ್ಮಲ್ಲಿ ಬರವಿಲ್ಲ. ಎರಡನೆಯವರು ಯಾವ ಭಾಷೆಯಲ್ಲೂ ಕಡಿಮೆಯೇ. ಅದಕ್ಕೇ ಪಿಕೊ ಅಯ್ಯರ್ ಅವರ ‘ವಿಡಿಯೋ ನೈಟ್ ಇನ್ ಕಠ್ಮಂಡು’ ನನಗೆ ಪ್ರಿಯವಾದ ಪುಸ್ತಕ. ಪ್ರಿಯವಾದ್ದರಿಂದಲೇ ಅದರೊಡನೆ ಜಗಳವೂ ಉಂಟು.

ಹೆಸರಿನಲ್ಲಿ ಅಯ್ಯರ್ ಇದ್ದರೂ ಇವರು ನಮ್ಮ ನೆರೆಹೊರೆಯವರಲ್ಲ. ಭಾರತೀಯ ತಂದೆತಾಯಿಯ ಮಗನಾಗಿ 1957ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿ, ಇಂಗ್ಲೆಂಡು ಕ್ಯಾಲಿಫೋರ್ನಿಯಾಗಳ ನಡುವೆ ಬೆಳೆದು, ನ್ಯೂಯಾರ್ಕಿನಲ್ಲಿ ‘ಟೈಮ್’ ಪತ್ರಿಕೆಗೆ ಬರೆಯುತ್ತಿದ್ದವರು. ಎಂಬತ್ತರ ದಶಕದ ನಡುವೆ ಏಷ್ಯಾ ಸುತ್ತಿ 1988ರಲ್ಲಿ ಈ ಪುಸ್ತಕ ಪ್ರಕಟಿಸಿದರು. ಬಾಲಿ, ಟಿಬೆಟ್, ನೇಪಾಳ, ಚೀನಾ, ಫಿಲಿಪೀನ್ಸ್, ಬರ್ಮಾ, ಹಾಂಗ್‌ಕಾಂಗ್, ಭಾರತ, ಥಾಯ್ಲೆಂಡ್, ಜಪಾನ್. ಒಂದೊಂದು ನೆಲಕ್ಕೂ ಒಂದೊಂದು ಅಧ್ಯಾಯ. 1985ರಲ್ಲಿ ಅಮೆರಿಕದ ರಾಂಬೋ ಸಿನಿಮಾ ಏಷ್ಯಾದ ಊರೂರುಗಳಲ್ಲಿ ಮೆರವಣಿಗೆ ಹೊರಟಿದ್ದನ್ನು ಕಂಡು, ಪಶ್ಚಿಮದ ಈ ಸರಕು ಪೂರ್ವದ ಮನೆಗೆ ಬಂದು ಏನಾಗುತ್ತದೆ ಎಂದು ನೋಡಲು ಹೊರಟ ಪಯಣ ಇದು.

ಇದರ ದೊಡ್ಡ ಗುಣವೆಂದರೆ, ಲೇಖಕ ಬೈಯುವುದಿಲ್ಲ. ಕಠ್ಮಂಡುವಿನ ಹೋಟೆಲುಗಳಲ್ಲಿ ರಾತ್ರಿ ಊಟದ ಜೊತೆಗೆ ವಿಡಿಯೋ ಹಚ್ಚಿಡುತ್ತಾರೆ. ಹಿಮಾಲಯ ಹುಡುಕಿಕೊಂಡು ಬಂದ ಬಿಳಿಯರು ತಾವು ಬಿಟ್ಟು ಬಂದ ಸಿನಿಮಾವನ್ನೇ ನೋಡುತ್ತ ಕೂರುತ್ತಾರೆ. ಇದನ್ನು ಕಂಡು ಅವರು ನಗುತ್ತಾರೆ, ಆದರೆ ಆ ನಗೆಯಲ್ಲಿ ತಾವೂ ಸೇರಿಕೊಳ್ಳುತ್ತಾರೆ. ಫಿಲಿಪೀನ್ಸಿನಲ್ಲಿ ಅಮೆರಿಕದ ಹಾಡುಗಳನ್ನು ಒಂದು ಎಳೆಯೂ ತಪ್ಪದಂತೆ ಹಾಡುವ ಗಾಯಕರನ್ನು ಕಂಡಾಗ ಅವರಿಗೆ ಬೆರಗೂ ಆಗುತ್ತದೆ, ವಿಷಾದವೂ ಆಗುತ್ತದೆ. ಜಪಾನಿನವರು ಬೇಸ್‌ಬಾಲನ್ನು ತಮ್ಮದೇ ಶಿಸ್ತಿನ ಆಟವಾಗಿ ಮಾಡಿಕೊಂಡದ್ದನ್ನು ಆಟ ಬಲ್ಲವನ ಸಂತೋಷದಿಂದಲೇ ಬರೆಯುತ್ತಾರೆ. ಮುಂಬಯಿಯ ಸಿನಿಮಾ ಲೋಕಕ್ಕೂ ಒಂದು ಇಡೀ ಅಧ್ಯಾಯವನ್ನು ಕೊಟ್ಟಿದ್ದಾರೆ.

ನಮ್ಮ ಕಡೆಯ ವಿಚಾರ ಸಂಕಿರಣಗಳಲ್ಲಿ ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಜನಪ್ರಿಯ ಸಂಸ್ಕೃತಿ ಎಂದೊಡನೆ ಮೊದಲು ಬರುವ ಮಾತು ‘ಹಾಳಾಯಿತು’ ಎಂಬುದು. ಹಾಳು ಮಾಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಧಾರಾವಾಹಿ ನೋಡುವ ಹೆಂಗಸರು! ಅದೇ ಸಂಜೆ ಕ್ರಿಕೆಟ್ ನೋಡುತ್ತ ಕೂತ ಗಂಡಸರ ಮೇಲೆ ಯಾರೂ ಪ್ರಬಂಧ ಮಂಡಿಸಿದ್ದನ್ನು ನಾನು ಕೇಳಿಲ್ಲ. ಇಂಥ ಕಡೆ ಅಯ್ಯರ್ ಅವರ ಉತ್ಸಾಹ ಒಂದು ಔಷಧ. ಜನ ಮೆಚ್ಚಿದ್ದನ್ನು ತಿಳಿಯಬೇಕಾದರೆ ಮೊದಲು ಜನರ ಪಕ್ಕ ಕೂರಬೇಕು ಎಂಬುದನ್ನು ಅವರು ಮಾಡಿ ತೋರಿಸುತ್ತಾರೆ.

ಆದರೆ ಯಾರ ಪಕ್ಕ ಕೂತರು? ನನ್ನ ಜಗಳ ಇಲ್ಲಿಂದ ಶುರು. ಪುಸ್ತಕದ ಕೂಟಗಳೆಲ್ಲ ಮನೆಯ ಹೊರಗಿನವು: ಹೋಟೆಲು, ಬಾರು, ಆಟದ ಮೈದಾನ, ಸ್ಟುಡಿಯೋ, ಬಸ್ಸು. ಹೆಂಗಸರು ಇಲ್ಲವೆಂದಲ್ಲ. ಬ್ಯಾಂಕಾಕಿನ ಬಾರುಗಳಲ್ಲಿ ದುಡಿಯುವ ಹುಡುಗಿಯರ ಬಗ್ಗೆ ಅವರು ತಳಮಳದಿಂದ, ಸುಲಭದ ತೀರ್ಪಿಗೆ ಇಳಿಯದೆ ಬರೆದಿದ್ದಾರೆ. ಆದರೂ ಆ ಹುಡುಗಿಯರು ಪರದೆಯ ಮೇಲಿನ ಚಿತ್ರದ ಹಾಗೆ, ನೋಡಲ್ಪಡುವವರು. ತಾವೇ ನೋಡುವ ಹೆಂಗಸರು, ಬಾಗಿಲು ಮುಚ್ಚಿಕೊಂಡು ಟಿವಿಯ ಮುಂದೆ ಕೂತ ಹೆಂಗಸರು, ಇವರ ಪಾಲಿಗೆ ಒಂದು ಅಧ್ಯಾಯ ಸಿಕ್ಕಿಲ್ಲ. ಲೇಖಕರನ್ನು ಮಾತ್ರ ದೂರಿ ಫಲವಿಲ್ಲ. ಒಬ್ಬ ಅಪರಿಚಿತ ಗಂಡಸನ್ನು ಯಾವ ಮನೆಯವರು ಒಳಗೆ ಕೂರಿಸಿಯಾರು? ಹಾಗೆಯೇ, ಒಬ್ಬಳೇ ಹೆಂಗಸು ರಾತ್ರಿ ಹನ್ನೊಂದಕ್ಕೆ ಬ್ಯಾಂಕಾಕಿನ ಬಾರಿನಲ್ಲಿ ಕೂತು ನಿಶ್ಚಿಂತೆಯಿಂದ ಟಿಪ್ಪಣಿ ಬರೆದುಕೊಳ್ಳುವುದು ಸಾಧ್ಯವಿತ್ತೇ? ಪ್ರವಾಸ ಕಥನ ಎಂಬ ಪ್ರಕಾರವೇ ಯಾರು ಎಲ್ಲಿಗೆ ಹೋಗಬಲ್ಲರು ಎಂಬುದರ ಮೇಲೆ ನಿಂತಿದೆ.

ನಮ್ಮಂಥ ಊರುಗಳ ವಿಡಿಯೋ ರಾತ್ರಿಗಳನ್ನೇ ನೆನೆಯಿರಿ. 1976ರಲ್ಲಿ ಜಪಾನಿನಲ್ಲಿ ಬಂದ ವಿ.ಎಚ್.ಎಸ್. ಕ್ಯಾಸೆಟ್ಟು ನಮ್ಮ ಬೀದಿಗೆ ಬರುವ ಹೊತ್ತಿಗೆ ಎಂಬತ್ತರ ದಶಕ ಅರ್ಧ ಕಳೆದಿತ್ತು. ಕೊಂಡವರು ಒಬ್ಬಿಬ್ಬರು, ಬಾಡಿಗೆಗೆ ತಂದವರೇ ಎಲ್ಲ. ಮದುವೆಯ ಮಾರನೆಯ ದಿನವೋ, ನಾಮಕರಣದ ರಾತ್ರಿಯೋ ಟಿವಿ, ವಿ.ಸಿ.ಆರ್. ಎರಡೂ ಸೈಕಲ್ಲಿನ ಮೇಲೆ ಬರುತ್ತಿದ್ದವು. ಒಂದು ರಾತ್ರಿಯ ಬಾಡಿಗೆಗೆ ಮೂರು ಸಿನಿಮಾ. ಥಿಯೇಟರಿಗೆ ಹೋಗುವುದೆಂದರೆ ಅಪ್ಪಣೆ ಬೇಕು, ಜೊತೆ ಬೇಕು, ಕತ್ತಲಾಗುವ ಮೊದಲು ಹಿಂತಿರುಗಬೇಕು. ಇಲ್ಲಿ ಸಿನಿಮಾವೇ ನಡುಮನೆಗೆ ಬಂದಿತ್ತು. ಮೊದಲ ಸಿನಿಮಾ ಮುಗಿಯುವಷ್ಟರಲ್ಲಿ ಗಂಡಸರು ಮಲಗಿರುತ್ತಿದ್ದರು. ಎರಡನೆಯದಕ್ಕೆ ಒಂದು ಸುತ್ತು ಕಾಫಿ. ಹಿಂದಿ ಬಾರದ ಅತ್ತೆ, ಅಜ್ಜಿಯರಿಗೆ, ಹಿಂದಿ ಪ್ರಚಾರ ಸಭೆಯ ‘ರಾಷ್ಟ್ರಭಾಷಾ’ ಪರೀಕ್ಷೆ ಪಾಸಾಗಿದ್ದ ಪಕ್ಕದ ಮನೆಯ ಹುಡುಗಿ ಮಾತುಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದಳು. ಅವಳಿಗೆ ಇಷ್ಟವಿಲ್ಲದ ನಾಯಕನ ಮಾತುಗಳು ಮಾತ್ರ ಬಹಳ ಚಿಕ್ಕದಾಗಿ ಬಿಡುತ್ತಿದ್ದವು! ಬೆಳಗಿನ ಜಾವ ಮೂರನೆಯ ಸಿನಿಮಾ ಮುಗಿದು ಬಾಗಿಲಿಗೆ ನೀರು ಹಾಕುವಾಗ ಎಲ್ಲರ ಕಣ್ಣೂ ಕೆಂಪು. ನಮಗೆ ಅದೇ ಪ್ರವಾಸ. ಸ್ವಿಟ್ಜರ್ಲೆಂಡನ್ನು ನಾನು ಮೊದಲು ಕಂಡದ್ದು ಹೀಗೆ, ಗೋಡೆಗೆ ಒರಗಿಕೊಂಡು.

ಪುಸ್ತಕದ ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. ಪೂರ್ವ ಪಶ್ಚಿಮಗಳ ಭೇಟಿಯನ್ನು ಅಯ್ಯರ್ ಪ್ರೇಮ ವಿವಾಹದಂತೆ ನೋಡುತ್ತಾರೆ. ಒಬ್ಬರ ಮೇಲೊಬ್ಬರಿಗೆ ಮೋಹ, ಒಬ್ಬರಿಂದೊಬ್ಬರಿಗೆ ನಿರಾಸೆ. ಸೊಗಸಾದ ಹೋಲಿಕೆಯೇ. ಆದರೆ ಮದುವೆಮನೆಗೆ ಬರುವವರು ಎರಡೇ ಕಡೆಯ ಬೀಗರೇ? ಬೇರೆ ಬೇರೆ ದಾರಿಯಿಂದ ಬಂದವರೂ ಇರುತ್ತಾರೆ.

ಅಂಥ ಒಂದು ದಾರಿಯನ್ನು ಹೇಳುತ್ತೇನೆ. 1969ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ‘ಸಿಂಪ್ಲೆಮೆಂತೆ ಮಾರಿಯಾ’ ಎಂಬ ಟಿವಿ ಧಾರಾವಾಹಿ ಶುರುವಾಯಿತು. ಹಳ್ಳಿಯಿಂದ ಪಟ್ಟಣಕ್ಕೆ ಮನೆಗೆಲಸಕ್ಕೆ ಬಂದ ಮಾರಿಯಾ ಮೋಸ ಹೋಗುತ್ತಾಳೆ, ಮಗುವಿನೊಡನೆ ಒಂಟಿಯಾಗುತ್ತಾಳೆ, ಸಿಂಗರ್ ಯಂತ್ರದಲ್ಲಿ ಹೊಲಿಗೆ ಕಲಿತು ಹೆಸರಾಂತ ವಸ್ತ್ರ ವಿನ್ಯಾಸಕಿಯಾಗುತ್ತಾಳೆ. ಅವಳ ಮದುವೆಯ ಕಂತನ್ನು ಲಿಮಾದ ಇಗರ್ಜಿಯಲ್ಲಿ ಚಿತ್ರಿಸುವಾಗ ಸಾವಿರಾರು ಜನ, ಸ್ವಂತ ಮನೆಯ ಮದುವೆ ಎಂಬಂತೆ, ಉಡುಗೊರೆ ಹಿಡಿದು ಬಂದರಂತೆ. ಧಾರಾವಾಹಿ ಹೋದ ದೇಶಗಳಲ್ಲಿ ಹೊಲಿಗೆ ಯಂತ್ರದ ಮಾರಾಟ ಏರಿತು. ಇದನ್ನು ಗಮನಿಸಿದ ಮೆಕ್ಸಿಕೋದ ಮಿಗೆಲ್ ಸಬಿದೊ, ಅಕ್ಷರ ಕಲಿಕೆ, ಕುಟುಂಬ ಯೋಜನೆಗಳನ್ನು ಕಥೆಯೊಳಗೆ ಹೆಣೆದು ಧಾರಾವಾಹಿಗಳನ್ನು ಮಾಡಿದರು. ಅವುಗಳ ವಿಷಯವನ್ನು 1982ರಲ್ಲಿ ನಮ್ಮ ವಾರ್ತಾ ಸಚಿವ ವಸಂತ ಸಾಠೆ ಮೆಕ್ಸಿಕೋದಲ್ಲಿ ತಿಳಿದು ಬಂದರು. 1984ರಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಬಂತು. ಮನೋಹರ ಶ್ಯಾಮ ಜೋಶಿ ಬರೆದ, ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ಮಾತಾಡುತ್ತಿದ್ದ ಆ ಧಾರಾವಾಹಿಗೆ ವೀಕ್ಷಕರು ಲಕ್ಷಗಟ್ಟಲೆ ಕಾಗದ ಬರೆದರು.

ಪೆರುವಿನಿಂದ ಮೆಕ್ಸಿಕೋ, ಮೆಕ್ಸಿಕೋದಿಂದ ದೆಹಲಿ, ದೆಹಲಿಯಿಂದ ನಮ್ಮ ನಡುಮನೆ. ಈ ಇಡೀ ದಾರಿಯಲ್ಲಿ ರಾಂಬೋ ಎಲ್ಲೂ ಸಿಗುವುದಿಲ್ಲ. ಸಿಂಗರ್ ಅಮೆರಿಕದ ಕಂಪನಿಯೇ, ನಿಜ. ಆದರೆ ಕಥೆಯಲ್ಲಿ ಆ ಯಂತ್ರ ಬಂದದ್ದು ಮಾರಿಯಾಳ ಹೊಟ್ಟೆಪಾಡಿಗಾಗಿ. ಇದೇ ಹೊತ್ತಿನಲ್ಲಿ, 1983–84ರಲ್ಲಿ, ಸುಗಾಕೊ ಹಶಿದಾ ಎಂಬ ಲೇಖಕಿ ಬರೆದ ‘ಓಶಿನ್’ ಜಪಾನಿನ ಮನೆಗಳಲ್ಲಿ ಬೆಳಗಿನ ಕೆಲಸ ನಿಲ್ಲಿಸಿತ್ತು. ಬಡ ರೈತನ ಮಗಳು ಏಳು ವರ್ಷಕ್ಕೇ ದುಡಿಯಲು ಹೋಗುವ ಆ ಕಥೆ ಮುಂದೆ ಥಾಯ್ಲೆಂಡು, ಇರಾನುಗಳವರೆಗೂ ಹೋಯಿತು. ರಾಂಬೋ ಹೋದ ದಾರಿಗೆ ನಕ್ಷೆಯಿದೆ. ಮಾರಿಯಾ, ಓಶಿನ್ ಹೋದ ದಾರಿಗಳ ಮೇಲೆ ಇಂಥ ಸುಂದರವಾದ ಪ್ರವಾಸ ಕಥನವೊಂದು ಬಂದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಯಂತ್ರಗಳ ಮಾತೂ ಅಷ್ಟೇ. ಪುಸ್ತಕದಲ್ಲಿ ವಿಡಿಯೋ ಎಂಬುದು ಹೊರಗಿನಿಂದ ಬಂದು ಇಳಿಯುವ ವಸ್ತು. ಅದನ್ನು ಜೋಡಿಸಿದ ಕೈಗಳ ಬಗ್ಗೆ ಅದಕ್ಕೆ ಹೆಚ್ಚು ಕುತೂಹಲವಿಲ್ಲ. ಮಲೇಷ್ಯಾದ ಪೆನಾಂಗಿನಲ್ಲಿ 1972ರಲ್ಲಿ ತೆರೆದ ಕೈಗಾರಿಕಾ ವಲಯದಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಜೋಡಿಸಿದವರು ಹೆಚ್ಚಾಗಿ ಹಳ್ಳಿಗಳಿಂದ ಬಂದ ಹುಡುಗಿಯರು. ನಮ್ಮ ಬೆಂಗಳೂರಿನಲ್ಲೂ ಎಚ್.ಎಂ.ಟಿ. ಗಡಿಯಾರಗಳ ಸಣ್ಣ ಸಣ್ಣ ತಿರುಪುಗಳನ್ನು ಹೆಂಗಸರ ಬೆರಳುಗಳು ಕೂರಿಸಿದವು. ಹೆಂಗಸಿಗೂ ಯಂತ್ರಕ್ಕೂ ಆಗದು ಎನ್ನುವವರಿಗೆ ಇವೆರಡನ್ನು ಹೇಳಿದರೆ ಸಾಕು.

ಅಯ್ಯರ್ ಅವರ ಮುಂದಿನ ಪುಸ್ತಕಗಳಲ್ಲೊಂದು, 1991ರ ‘ದ ಲೇಡಿ ಅಂಡ್ ದ ಮಂಕ್’, ನನ್ನ ಜಗಳಕ್ಕೆ ಅರ್ಧ ಉತ್ತರ ಕೊಡುತ್ತದೆ. ಕ್ಯೋಟೋ ನಗರದಲ್ಲಿ ಏಕಾಂತ, ಧ್ಯಾನ ಎಂದು ಒಂದು ವರ್ಷ ಕಳೆಯಲು ಹೋದವರಿಗೆ ಸಚಿಕೊ ಎಂಬ ಗೃಹಿಣಿಯ ಪರಿಚಯವಾಗುತ್ತದೆ. ಎರಡು ಮಕ್ಕಳ ತಾಯಿ ಆಕೆ. ಸಂಸಾರದ ಗೋಡೆಗಳ ನಡುವೆ ಬೇರೊಂದು ಬದುಕನ್ನು ಅರಸುತ್ತಿರುವವಳು. ಮಠ ಹುಡುಕಿಕೊಂಡು ಹೋದವರಿಗೆ ಮನೆಯೇ ಎದುರಾಯಿತು. ಹತ್ತು ದೇಶಗಳ ಪುಸ್ತಕದಲ್ಲಿ ಕಾಣದ ಒಂದು ಆಳ ಇಲ್ಲಿ ಒಂದೇ ಊರಿನಲ್ಲಿ ಕಾಣುತ್ತದೆ. ಆದರೂ ಕಥೆ ಹೇಳುವವರು ಅವರೇ. ಸಚಿಕೊ ಬರೆದಿದ್ದರೆ ಅದು ಹೇಗಿರುತ್ತಿತ್ತು?

‘ವಿಡಿಯೋ ನೈಟ್’ ಓದಿ ಎಂದೇ ನಾನು ಹೇಳುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಅದರ ಲವಲವಿಕೆ ಮಾಸಿಲ್ಲ. ವಿ.ಸಿ.ಆರ್. ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಅದನ್ನು ನಿಲ್ಲಿಸಿತು. ಯಂತ್ರ ಹೋದ ಮೇಲೆ ಉಳಿಯುವುದು ಅದರ ಮುಂದೆ ಕೂತವರ ನೆನಪು. ಕಠ್ಮಂಡುವಿನ ಹೋಟೆಲಿನಲ್ಲಿ ಕೂತವರದ್ದು ದಾಖಲಾಗಿದೆ. ನಿಮ್ಮ ಬೀದಿಯಲ್ಲಿ ಯಾರು ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಿದ್ದರು, ಯಾವ ದೃಶ್ಯಕ್ಕೆ ನಿಮ್ಮ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಯಾವ ಧಾರಾವಾಹಿ ನೋಡಿ ಯಾರು ಹೊಲಿಗೆ ಕ್ಲಾಸಿಗೆ ಸೇರಿದರು, ಇವನ್ನು ಬರೆದಿಡಲು ಪಾಸ್‌ಪೋರ್ಟು ಬೇಕಿಲ್ಲ. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಉಳಿದ ನಾಲ್ಕು ಹಾಳೆ ಸಾಕು.