ಹೊರುವವಳಷ್ಟೇ ಎತ್ತರ

ಪೋರ್ಚುಗಲ್ ಎಂದರೆ ಲಿಸ್ಬನ್, ಪೋರ್ಟೊ ಎಂದು ಹೊರಡುವವರಿಗೆ ನಾನು ತೊಮಾರ್ ಎಂಬ ಊರನ್ನೂ ಹೇಳುತ್ತೇನೆ, ಅದೂ ಜುಲೈ ತಿಂಗಳಲ್ಲಿ. ಆದರೆ ಎಲ್ಲ ಜುಲೈಗಳೂ ಆಗವು. ಅಲ್ಲಿನ ತಬುಲೇಯ್ರು ಹಬ್ಬ ಬರುವುದು ನಾಲ್ಕು ವರ್ಷಕ್ಕೊಮ್ಮೆ. 2019ರ ನಂತರ ನಡೆದದ್ದು 2023ರಲ್ಲಿ.

ತಬುಲೇಯ್ರು ಎಂದರೆ ಹೆಣ್ಣುಮಕ್ಕಳು ತಲೆಯ ಮೇಲೆ ಹೊರುವ ಬ್ರೆಡ್ಡಿನ ಗೋಪುರ. ಕೆಳಗೆ ಹೆಣೆದ ಬುಟ್ಟಿ, ಅದರ ಸುತ್ತ ಕಸೂತಿಯ ಬಿಳಿ ಬಟ್ಟೆ. ಬುಟ್ಟಿಯಿಂದ ಮೇಲೆದ್ದ ಐದಾರು ಕಡ್ಡಿಗಳಿಗೆ 30 ಬ್ರೆಡ್ಡುಗಳನ್ನು ಪೋಣಿಸಿ, ನಡುವೆ ಕಾಗದದ ಹೂ, ಗೋಧಿಯ ತೆನೆ ಸಿಕ್ಕಿಸುತ್ತಾರೆ. ತುದಿಗೊಂದು ಕಿರೀಟ, ಅದರ ಮೇಲೆ ಪವಿತ್ರಾತ್ಮದ ಪಾರಿವಾಳ ಇಲ್ಲವೇ ಶಿಲುಬೆ. ಇಷ್ಟೆಲ್ಲದರ ಎತ್ತರ ಹೊರುವವಳ ಎತ್ತರಕ್ಕೆ ಸಮನಾಗಿರಬೇಕು. ನನಗೆ ಬಹಳ ಹಿಡಿಸಿದ್ದು ಈ ನಿಯಮವೇ. ಅಳತೆಪಟ್ಟಿಯಲ್ಲ, ಒಬ್ಬ ಹುಡುಗಿಯ ಮೈಯೇ ಕೆಲಸದ ಅಳತೆ. ಹಾಗಾಗಿ ಮೆರವಣಿಗೆಯ ಸಾಲು ಏರಿಳಿಯುತ್ತಲೇ ಇರುತ್ತದೆ, ಅದೇ ಅದರ ಚೆಲುವು.

ತೂಕ ಸುಮಾರು 15 ಕಿಲೋ. ತಲೆಗೂ ಬುಟ್ಟಿಗೂ ನಡುವೆ ಬಟ್ಟೆ ಸುತ್ತಿದ ಸಿಂಬಿ. ಕೊಡ ಹೊತ್ತು ಬಲ್ಲ ನಮ್ಮ ಹಳ್ಳಿಯ ಹೆಂಗಸರು ಅದನ್ನು ಕಂಡೊಡನೆ ಗುರುತಿಸಿಯಾರು. ಪಕ್ಕದಲ್ಲಿ ಬಿಳಿ ಅಂಗಿಯ ಗಂಡಸು ಜತೆಗೆ ನಡೆಯುತ್ತಾನೆ, ಅವಳ ರಿಬ್ಬನ್ನಿನ ಬಣ್ಣದ್ದೇ ಟೈ ಕಟ್ಟಿಕೊಂಡು. ಬೀದಿಗಳಿಗೂ ಕಾಗದದ ಹೂವೇ ಅಲಂಕಾರ. ನಿವಾಸಿಗಳು ತಿಂಗಳುಗಟ್ಟಲೆ ಕೂತು ಅವನ್ನು ತಮ್ಮ ಕೈಯಾರೆ ಮಾಡುತ್ತಾರೆ. ಮೆರವಣಿಗೆಯ ಮಾರನೆಯ ದಿನ ಬ್ರೆಡ್ಡು, ಮಾಂಸ, ವೈನು ಬಡವರಿಗೆ ಹಂಚಿಕೆಯಾಗುತ್ತದೆ. ಪ್ರವಾಸಿಗರು ಸಾಮಾನ್ಯವಾಗಿ ಅಷ್ಟರಲ್ಲಿ ಬಸ್ಸು ಹತ್ತಿರುತ್ತಾರೆ. ಹತ್ತಬೇಡಿ, ಹಬ್ಬದ ತಿರುಳು ಇರುವುದು ಆ ದಿನದಲ್ಲಿ.