ಕಾಡುಕೊಂಬೆಯ ಹೆಮ್ಮೆ

ಇಸ್ರಾಯೇಲಿಗೂ ಕ್ರೈಸ್ತ ಸಭೆಗೂ ಇರುವ ಸಂಬಂಧವನ್ನು ಕ್ರೈಸ್ತ ದೇವಶಾಸ್ತ್ರ ಬಹುಕಾಲ ವಾರಸುದಾರಿಕೆಯ ವ್ಯಾಜ್ಯವಾಗಿಯೇ ಕಂಡಿತು. ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಸಭೆಯೇ ನಿಜವಾದ ಇಸ್ರಾಯೇಲ್ ಎಂದ. ಯೆಹೂದ್ಯರು ಹಕ್ಕು ಕಳೆದುಕೊಂಡ ಹಿರಿಯ ಮಗನಾದರು. ಈ ಸ್ಥಾನಪಲ್ಲಟದ ವಾದ ಇಂದು ಹೆಚ್ಚಿನವರಿಗೆ ಪ್ರಿಯವಲ್ಲ. ಅದರ ಸೌಮ್ಯ ತಮ್ಮನಾದ ನೆರವೇರಿಕೆಯ ವಾದಕ್ಕೆ ಮಾತ್ರ ಉದಾರವೆಂಬ ಹೆಸರು ಉಳಿದಿದೆ. ಹಳೆಯದು ಸುಳ್ಳಲ್ಲ, ಹೊಸದರಲ್ಲಿ ಅದು ಪೂರ್ಣವಾಯಿತು ಎಂಬುದು ಅದರ ಧಾಟಿ. 1913ರಲ್ಲಿ ಮಿಶನರಿ ಫಾರ್ಕುಹರ್ ‘ದಿ ಕ್ರೌನ್ ಆಫ್ ಹಿಂದೂಯಿಸಂ’ ಕೃತಿಯಲ್ಲಿ ಇದನ್ನು ಹಿಂದೂ ಧರ್ಮಕ್ಕೆ ಹಚ್ಚಿದ. ಕನ್ನಡ ನೆಲದಲ್ಲಿ ಮಿಶನರಿ ಕಿಟೆಲ್ 1872ರಷ್ಟು ಹಿಂದೆಯೇ ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞವನ್ನು ಕ್ರಿಸ್ತನ ಬಲಿಯ ಬೆಳಕಿನಲ್ಲಿ ಓದಿದ್ದ. ಈ ವಾದಕ್ಕೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗಿಂತ ಹೆಚ್ಚು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದ ಎದುರು ಅದು ನಿಲ್ಲುವುದಿಲ್ಲ.

ಅಲ್ಲಿ ಬರುವುದು ಆಲಿವ್ ಮರ. ಊರಮರದ ಕೆಲವು ಕೊಂಬೆಗಳು ಮುರಿದಿವೆ, ಅಲ್ಲಿಗೆ ಕಾಡು ಆಲಿವಿನ ಕಡ್ಡಿಯನ್ನು ಕಸಿ ಮಾಡಲಾಗಿದೆ. ಕಡ್ಡಿಯೆಂದರೆ ಅನ್ಯಜನರಿಂದ ಬಂದ ವಿಶ್ವಾಸಿಗಳು. ಹಾವೇರಿ ಸೀಮೆಯ ತೋಟಿಗನಿಗೆ ಇದು ತಲೆಕೆಳಗಾದ ಕೆಲಸ. ಅವನು ನಾಟಿ ಮಾವಿನ ಬುಡಕ್ಕೆ ಆಪೂಸಿನ ಕಡ್ಡಿ ಕಟ್ಟುತ್ತಾನೆಯೇ ಹೊರತು ಆಪೂಸಿಗೆ ನಾಟಿಯನ್ನಲ್ಲ. ಪೌಲ ಪೇಟೆಯವನು, ಅವನಿಗೆ ಕೃಷಿ ಗೊತ್ತಿಲ್ಲ ಎಂದು ಬೈಬಲ್ ವಿದ್ವಾಂಸ ಸಿ. ಎಚ್. ಡಾಡ್ ತಳ್ಳಿಹಾಕಿದ. ಡಾಡ್‌ಗಿಂತ ಮೊದಲೇ ವಿಲಿಯಂ ರಾಮ್ಸೆ ಪೌಲನ ನೆರವಿಗೆ ಬಂದಿದ್ದ: ಮುಪ್ಪಾದ ಆಲಿವಿಗೆ ಚೈತನ್ಯ ತರಲು ಕಾಡುಕಡ್ಡಿ ಸೇರಿಸುವ ಪದ್ಧತಿಯನ್ನು ರೋಮನ್ ಕೃಷಿಲೇಖಕ ಕೊಲುಮೆಲ್ಲಾ ಹೇಳಿದ್ದಾನಲ್ಲ! ಈ ನೆರವು ಡಾಡ್‌ನ ತಾತ್ಸಾರಕ್ಕಿಂತ ಹೆಚ್ಚು ಕೆಡಿಸಿದೆ. ರಾಮ್ಸೆಯ ಮಾತು ಒಪ್ಪಿದರೆ ಸಭೆಯೇ ಮುದಿ ಇಸ್ರಾಯೇಲಿಗೆ ಜೀವ ಕೊಟ್ಟಂತಾಯಿತು, ಕಡ್ಡಿಗೆ ಮೆರೆಯಲು ಕಾರಣ ಸಿಕ್ಕಿತು. ಪೌಲ ತಡೆಯಹೊರಟದ್ದು ಆ ಮೆರೆತವನ್ನೇ. ಅವನ ಚಿತ್ರದಲ್ಲಿ ಸಾರ ಬೇರಿನಿಂದ ಕಡ್ಡಿಗೆ ಹರಿಯುತ್ತದೆ. ಈ ಕಸಿ ಸ್ವಭಾವಕ್ಕೆ ವಿರುದ್ಧವೆಂದು ಅವನೇ ಒಪ್ಪುತ್ತಾನೆ. ವಿರುದ್ಧವಾದದ್ದನ್ನೇ ಮಾಡಿದ ದೇವರಿಗೆ ಮುರಿದ ಕೊಂಬೆಗಳನ್ನು ಅವುಗಳ ಸ್ವಂತ ಮರಕ್ಕೆ ಮರಳಿ ಕೂಡಿಸುವುದು ಕಷ್ಟವೇ ಎಂಬುದು ಅವನ ವಾದದ ಮೊನೆ. ನೆರವೇರಿಕೆಯ ವಾದಕ್ಕೆ ಬೇಕಾದ ‘ಮುಗಿದುಹೋದ ಹಿರಿಯ’ ಈ ಮರದಲ್ಲಿ ಇಲ್ಲ.

ಕಾಗಿನೆಲೆಯ ಆದಿಕೇಶವನ ಭಕ್ತ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟ. ವ್ರೀಹಿಗೂ (ಭತ್ತ) ನರೆದಲೆಗಕ್ಕೂ (ರಾಗಿ) ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಬಾಳುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ. ಕೀಳೆನಿಸಿಕೊಂಡದ್ದು ಗುಣದಿಂದ ಗೆದ್ದಿತು, ಆ ಕಾವ್ಯಕ್ಕೆ ಅದೇ ನ್ಯಾಯ. ಸ್ಥಾನಪಲ್ಲಟದ ಬೋಧಕರು ಪೌಲನನ್ನೂ ಹೀಗೆಯೇ ಓದುತ್ತಾರೆ: ಇಸ್ರಾಯೇಲ್ ಪರೀಕ್ಷೆಯಲ್ಲಿ ಸೋತಿತು, ಸಭೆ ಗೆದ್ದಿತು. ಪೌಲನ ಕಾಡುಕಡ್ಡಿ ಯಾವ ಪರೀಕ್ಷೆಯನ್ನೂ ಗೆದ್ದಿಲ್ಲ.

ನೆರವೇರಿಕೆಯ ತರ್ಕವನ್ನು ಕಾಗಿನೆಲೆಗೆ ತಂದರೆ ಕನಕರು ಕ್ರಿಸ್ತನ ಹೊಸ್ತಿಲವರೆಗೆ ಬಂದು ನಿಂತ ಪ್ರವಾದಿಯಾಗುತ್ತಾರೆ. ಮಿಶನರಿಗಳು ದಾಸಸಾಹಿತ್ಯವನ್ನು ಗೌರವಿಸಿದರಲ್ಲ ಎಂಬ ಸಮರ್ಥನೆ ಉಂಟು; ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ‘ದಾಸರ ಪದಗಳು’ ಅಚ್ಚು ಹಾಕಿಸಿದ್ದು ನಿಜವೇ. ಆದರೆ ಅದು ನೆರವೇರಿಕೆಯ ವಾದಕ್ಕೆ ಸಾಕ್ಷಿಯಲ್ಲ. ಪದಗಳನ್ನು ಪದಗಳಾಗಿ ಅಚ್ಚು ಹಾಕಿದ ಮೋಗ್ಲಿಂಗ್ ಈ ವಿಷಯದಲ್ಲಿ ಯಜ್ಞಕ್ಕೆ ಅರ್ಥ ಕಟ್ಟಿದ ಕಿಟೆಲ್‌ಗಿಂತ ದೊಡ್ಡವನು. (ನಿಘಂಟಿನ ಕಿಟೆಲ್ ವಿಚಾರ ಬೇರೆ.)

ಇಪ್ಪತ್ತನೆಯ ಶತಮಾನದ ತಿದ್ದುಪಡಿಗಳೂ ಅರ್ಧಂಬರ್ಧ. ಬಾಸೆಲ್‌ನಲ್ಲಿ ಕಲಿಸುತ್ತಿದ್ದ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ 1942ರಲ್ಲಿ ಇಸ್ರಾಯೇಲನ್ನೂ ಸಭೆಯನ್ನೂ ಒಂದೇ ಚುನಾಯಿತ ಸಮುದಾಯದ ಎರಡು ರೂಪಗಳೆಂದ. ದೇವರ ತೀರ್ಪಿನ ಕನ್ನಡಿಯ ಪಾತ್ರವನ್ನು ಮಾತ್ರ ಇಸ್ರಾಯೇಲಿಗೇ ಬಿಟ್ಟ. 1948ರಲ್ಲಿ ಹುಟ್ಟಿದ ಇಸ್ರಾಯೇಲ್ ರಾಷ್ಟ್ರವನ್ನು ಪ್ರವಾದನೆಯ ಗಡಿಯಾರವಾಗಿಸಿದವರು ಯೆಹೂದ್ಯರನ್ನು ಮತ್ತೆ ಸಾಧನವಾಗಿಯೇ ಕಂಡರು. ಹೆಚ್ಚು ಎಚ್ಚರ ಕಾಣುವುದು 1965ರ ವ್ಯಾಟಿಕನ್ ಘೋಷಣೆ ‘ನೊಸ್ತ್ರಾ ಎತಾತೆ’ಯಲ್ಲಿ. ಹಿಂದೂ ಧರ್ಮದ ಮಾತು ಅದರ ಎರಡನೆಯ ವಿಭಾಗದಲ್ಲಿದೆ. ಯೆಹೂದ್ಯರ ಮಾತು ನಾಲ್ಕನೆಯದರಲ್ಲಿ, ಪೌಲನ ಆಲಿವಿನ ನೆನಪಿನೊಂದಿಗೆ. ಈ ವಿಂಗಡಣೆ ಭಾರತೀಯ ದೇವಶಾಸ್ತ್ರಕ್ಕೆ ಉಪಯುಕ್ತ. ಸಭೆಯ ಬೇರು ಇಸ್ರಾಯೇಲಿನಲ್ಲಿದೆಯೆಂದು ಒಪ್ಪಲು ಕಾಗಿನೆಲೆಯನ್ನು ಎರಡನೆಯ ಹಳೆಯ ಒಡಂಬಡಿಕೆ ಮಾಡಬೇಕಿಲ್ಲ, ಕಾಗಿನೆಲೆಯನ್ನು ಗೌರವಿಸಲು ಯೆರೂಸಲೇಮನ್ನು ಬಿಡಬೇಕಾಗಿಯೂ ಇಲ್ಲ.